ಕೈಯಾರೆ ಮಾಡಿಸುವ ಟಾರ್ಚಿಗೆ ಯಾವ ಲೋಹ? ರಾಡ್ ಕೊಳ್ಳುವ ಮೊದಲು ತಿಳಿದಿರಬೇಕಾದ್ದು

ನಮ್ಮ ಚಿಕ್ಕಪ್ಪನದು ಮಲೆನಾಡಿನಲ್ಲಿ ಅಡಿಕೆ ತೋಟ. ರಾತ್ರಿ ಮೋಟರ್ ಹಾಕಲು ಹೋಗುವಾಗ ಒಂದು ಗಟ್ಟಿ ಟಾರ್ಚ್ ಇರಲಿ ಎಂದು ನಾನು ಪೂರ್ತಿ ಟೈಟಾನಿಯಂನಲ್ಲಿ ಒಂದನ್ನು ಮಾಡಿಸಿಕೊಟ್ಟೆ. ತುಕ್ಕಿಲ್ಲ, ಬಿದ್ದರೂ ತಗ್ಗು ಬೀಳುವುದಿಲ್ಲ, ತೂಕವೂ ಹದ. ಮರುದಿನ ಬೆಳಿಗ್ಗೆ ಫೋನ್ ಬಂತು: "ಇದೆಂಥ ಬ್ಯಾಟ್ರಿ ಮಾರಾಯ, ಒಂದು ನಿಮಿಷಕ್ಕೆ ಬೆಳಕು ಮಂಕಾಗ್ತದೆ. ತಲೆ ಕಾದ ಕಾವಲಿ, ಬಾಲ ತಣ್ಣಗೆ." ಊರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿದೆ. ನಿಜ. ಹೆಬ್ಬೆರಳು ತಲೆಗೆ ತಾಗಿದರೆ ಸುಡುತ್ತಿತ್ತು, ಕಿರುಬೆರಳಿನ ಕೆಳಗಿನ ಲೋಹ ಆಗಷ್ಟೇ ಬಾವಿಯಿಂದ ತೆಗೆದಂತೆ ತಂಪಾಗಿತ್ತು.

ಟಾರ್ಚಿನ ಲೋಹವನ್ನು ನಾನು ಗಟ್ಟಿತನ ಮತ್ತು ಅಂದ ನೋಡಿ ಆರಿಸಿದ್ದೆ. ಆರಿಸಬೇಕಾದದ್ದು ಶಾಖ ನೋಡಿ. ತಲೆ ಹೆಚ್ಚು ಕಾದರೆ ಡ್ರೈವರ್, ಅಂದರೆ ಎಲ್‌ಇಡಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಸರ್ಕಿಟ್, ಬೆಳಕನ್ನು ತಾನೇ ಇಳಿಸಿಬಿಡುತ್ತದೆ. ಈ ಬರಹದ ಪ್ರತಿ ಹಂತವೂ ಆ ತಪ್ಪಿನಿಂದ ಕಲಿತದ್ದರ ಸುತ್ತಲೇ ಇದೆ.

ಹಂತ 1: ಎಷ್ಟು ಬೆಳಕು, ಎಷ್ಟು ಹೊತ್ತು ಎಂದು ಮೊದಲು ಬರೆದಿಡಿ

1979ರಲ್ಲಿ ಅಮೆರಿಕದಲ್ಲಿ ಮ್ಯಾಗ್‌ಲೈಟ್ ಬಂದಾಗ ಅಲ್ಯೂಮಿನಿಯಂ ಮೈಯ ಗುಣ ಅದರ ಗಟ್ಟಿತನ. ಒಳಗಿದ್ದದ್ದು ತಂತಿಯ ಬಲ್ಬು; ಅದರ ಶಾಖದ ಹೆಚ್ಚಿನ ಪಾಲು ಬೆಳಕಿನ ಜೊತೆಯಲ್ಲೇ ಮುಂದಿನಿಂದ ಹೊರಟುಹೋಗುತ್ತಿತ್ತು. ಎಲ್‌ಇಡಿ ಹಾಗಲ್ಲ. ಅದಕ್ಕೆ 10 ವ್ಯಾಟ್ ಕೊಟ್ಟರೆ ಬೆಳಕಾಗುವುದು ಮೂರರಿಂದ ನಾಲ್ಕು ವ್ಯಾಟ್, ಉಳಿದ ಆರೇಳು ವ್ಯಾಟ್ ಶಾಖ ಅದರ ಬೆನ್ನಿನಿಂದ ಟಾರ್ಚಿನ ಮೈಗೆ ಇಳಿಯುತ್ತದೆ. ಮೈ ಈಗ ಬರೀ ಹೊದಿಕೆಯಲ್ಲ, ಶಾಖ ಹೊರಹಾಕುವ ಅಂಗ.

ಒಂದು 18650 ಸೆಲ್ಲಿನ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್) ಟಾರ್ಚ್ ತೆಗೆದುಕೊಳ್ಳಿ. ಹೊರವ್ಯಾಸ 24 ಮಿ.ಮೀ., ಉದ್ದ 120 ಮಿ.ಮೀ. ಹೊರಮೈ ಹೆಚ್ಚುಕಡಿಮೆ 100 ಚದರ ಸೆಂ.ಮೀ. ಗಾಳಿಯಾಡದ ಕಡೆ, ಸುತ್ತಲಿನ ಗಾಳಿಗಿಂತ 30 ಡಿಗ್ರಿ ಬಿಸಿಯಾದಾಗ ಇಷ್ಟು ಮೈಯಿಂದ ಹೊರಹೋಗುವುದು ಸುಮಾರು ಮೂರು ವ್ಯಾಟ್ ಅಷ್ಟೆ. ಚಿನ್ನದಲ್ಲಿ ಮಾಡಿದರೂ ಹೆಚ್ಚಾಗದು. ಗಂಟೆಗಟ್ಟಲೆ ಒಂದೇ ಸಮ ಎಷ್ಟು ಬೆಳಕು ಸಿಗುತ್ತದೆ ಎನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಮೈಯ ಅಳತೆ. ಲೋಹ ತೀರ್ಮಾನಿಸುವುದು ಎರಡು ಸಂಗತಿ: ಶಾಖ ಆ ಮೈಗೆಲ್ಲ ಹರಡುತ್ತದೆಯೇ, ಮತ್ತು ಜೋರು ಬೆಳಕು ಎಷ್ಟು ನಿಮಿಷ ನಿಲ್ಲುತ್ತದೆ.

ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಜೋರು ಬೆಳಕಿಗೆ ಎಷ್ಟು ವ್ಯಾಟ್, ಅದು ಎಷ್ಟು ನಿಮಿಷ ಬೇಕು, ಆಮೇಲೆ ಎಷ್ಟು ಸಾಕು, ಎಲ್ಲಿ ಬಳಸುತ್ತೀರಿ. ಬೆಂಗಳೂರಿನ 22 ಡಿಗ್ರಿ ರಾತ್ರಿಗೂ ಮೇ ತಿಂಗಳ ಕಲಬುರಗಿಗೂ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ. ಅಷ್ಟೂ ನಿಮ್ಮ ಟಾರ್ಚಿನ ಲೆಕ್ಕದಿಂದ ಕಳೆದುಹೋಗುತ್ತದೆ.

ಹಂತ 2: ಶಾಖದ ದಾರಿಯನ್ನು ಅಳೆಯಿರಿ

ಅಡುಗೆಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಸ್ಟೀಲ್ ಸೌಟನ್ನು ಕುದಿಯುವ ಸಾರಿನಲ್ಲಿ ಬಿಟ್ಟರೂ ಹಿಡಿ ಬೇಗ ಸುಡುವುದಿಲ್ಲ, ಅಲ್ಯೂಮಿನಿಯಂ ಸೌಟು ಸುಡುತ್ತದೆ. ಸ್ಟೀಲ್ ಪಾತ್ರೆಗೆ ತಾಮ್ರದ ತಳ ಹಾಕುವುದೂ ಇದಕ್ಕೇ.

ಶಾಖವಾಹಕತೆಯ ಅಂಕಿಗಳು, ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ವ್ಯಾಟ್ ಲೆಕ್ಕದಲ್ಲಿ: ಶುದ್ಧ ತಾಮ್ರ ಸುಮಾರು 390, ಟೆಲ್ಲೂರಿಯಂ ತಾಮ್ರ 355, ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ 6061 ಸುಮಾರು 167, 7075 ಸುಮಾರು 130, ಫ್ರೀ ಕಟಿಂಗ್ (ಸಲೀಸಾಗಿ ಕಡಿಯುವ) ಹಿತ್ತಾಳೆ 115, ಸ್ಟೇನ್‌ಲೆಸ್ 16, ಟೈಟಾನಿಯಂ ಗ್ರೇಡ್ 5 ಬರೀ 6.7. ಈ ಪಟ್ಟಿ ನೋಡಿ ತಾಮ್ರವೇ ಬೇಕು ಎನಿಸುವುದು ಸಹಜ, ಆದರೆ ನಿಮ್ಮ ಅಳತೆಯ ಟ್ಯೂಬಿಗೆ ಲೆಕ್ಕ ಹಾಕಿ ನೋಡಿ. ಹೊರಗೆ 24, ಒಳಗೆ 19 ಮಿ.ಮೀ. ಇರುವ ಟ್ಯೂಬಿನಲ್ಲಿ 5 ವ್ಯಾಟ್ ಶಾಖ 50 ಮಿ.ಮೀ. ದೂರ ಸಾಗಬೇಕು ಎಂದುಕೊಳ್ಳಿ. ಎರಡು ತುದಿಗಳ ನಡುವೆ ಬೇಕಾಗುವ ತಾಪದ ವ್ಯತ್ಯಾಸ ತಾಮ್ರದಲ್ಲಿ 4 ಡಿಗ್ರಿ, ಅಲ್ಯೂಮಿನಿಯಂನಲ್ಲಿ 9, ಹಿತ್ತಾಳೆಯಲ್ಲಿ 13, ಸ್ಟೀಲಿನಲ್ಲಿ 92, ಟೈಟಾನಿಯಂನಲ್ಲಿ 220.

220 ಡಿಗ್ರಿ ಎಂದರೆ ಶಾಖ ಹೋಗುವುದೇ ಇಲ್ಲ ಎಂದೇ ಅರ್ಥ. ಚಿಕ್ಕಪ್ಪನ ಟಾರ್ಚಿನ ಬಾಲ ತಣ್ಣಗಿದ್ದದ್ದು ಇದಕ್ಕೆ. ಇನ್ನೊಂದು ಕಡೆ ನೋಡಿ: ತಾಮ್ರಕ್ಕೂ ಅಲ್ಯೂಮಿನಿಯಂಗೂ ನಡುವೆ ಇರುವುದು ಬರೀ ಐದು ಡಿಗ್ರಿ. ಆ ಐದು ಡಿಗ್ರಿಗಾಗಿ ಮೂರು ಪಟ್ಟಿಗಿಂತ ಹೆಚ್ಚು ತೂಕ ಹೊರಬೇಕು. ಇದೇ ಟ್ಯೂಬಿನ ಪ್ರತಿ 100 ಮಿ.ಮೀ. ತೂಕ ಅಲ್ಯೂಮಿನಿಯಂನಲ್ಲಿ 46 ಗ್ರಾಂ, ಟೈಟಾನಿಯಂನಲ್ಲಿ 75, ಸ್ಟೀಲಿನಲ್ಲಿ 135, ಹಿತ್ತಾಳೆಯಲ್ಲಿ 144, ತಾಮ್ರದಲ್ಲಿ 151. ಸೆಲ್ಲಿನ ನಲವತ್ತೈದು ಗ್ರಾಂ ಬೇರೆ.

ನಿಮಿಷಗಳ ಲೆಕ್ಕ ಇನ್ನೊಂದು ಬಗೆಯದು. 10 ವ್ಯಾಟ್ ಶಾಖ ಮೂರು ನಿಮಿಷ ಬಂದರೆ 1800 ಜೂಲ್. 60 ಗ್ರಾಂ ಅಲ್ಯೂಮಿನಿಯಂ ಮೈ ಅದನ್ನು ಪೂರ್ತಿ ನುಂಗಿದರೆ 33 ಡಿಗ್ರಿ ಏರುತ್ತದೆ. ಅದೇ ಆಕಾರದ ತಾಮ್ರದ ಮೈ 200 ಗ್ರಾಂ ತೂಗುತ್ತದೆ, ಏರುವುದು 23 ಡಿಗ್ರಿ. ತಾಮ್ರ ನಿಮಗೆ ಕೊಡುವುದು ಈ ಹತ್ತು ಡಿಗ್ರಿ, ಅಂದರೆ ಇನ್ನೊಂದು ನಿಮಿಷದಷ್ಟು ಜೋರು ಬೆಳಕು.

ಹಂತ 3: ಲೋಹಗಳನ್ನು ಒಂದೊಂದಾಗಿ ನೋಡಿ

ಮೊದಲ ಟಾರ್ಚ್ ಮಾಡುವವರಿಗೆ ಅಲ್ಯೂಮಿನಿಯಂ ಬಿಟ್ಟು ಬೇರೇನನ್ನೂ ನಾನು ಹೇಳುವುದಿಲ್ಲ. ಆದರೆ ಅಂಗಡಿಯಲ್ಲಿ ಬರೀ "ಅಲ್ಯೂಮಿನಿಯಂ ರಾಡ್" ಎಂದು ಕೇಳಬೇಡಿ. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಹಳೆಯ ಹೆಸರುಗಳೇ ಇನ್ನೂ ನಡೆಯುತ್ತವೆ: ಎಚ್‌ಇ 20 ಎಂದರೆ 6061, ಎಚ್‌ಇ 30 ಎಂದರೆ 6082, ಎಚ್‌ಇ 9 ಎಂದರೆ 6063. ಟಾರ್ಚಿಗೆ ಮೊದಲ ಎರಡು ಒಳ್ಳೆಯವು, ಅದೂ ಟಿ6 ಹದದಲ್ಲಿ, ಅಂದರೆ ಕಾಯಿಸಿ ಗಟ್ಟಿಮಾಡಿದ ಹದದಲ್ಲಿ. 6063 ಕಿಟಕಿ ಚೌಕಟ್ಟಿನ ಲೋಹ; ಶಾಖ ಚೆನ್ನಾಗಿ ಸಾಗಿಸುತ್ತದೆ, ಆದರೆ ಮೆತು, ಥ್ರೆಡ್ ಚೊಕ್ಕಟವಾಗಿ ಬರುವುದಿಲ್ಲ. ಒಮ್ಮೆ ಗುಜರಿಯಲ್ಲಿ ಗುರುತಿಲ್ಲದ ರಾಡ್ ಸಿಕ್ಕಿತೆಂದು ತಂದು ಥ್ರೆಡ್ ಹಾಕಲು ಕೂತೆ. ಟೂಲಿನ ಮೂತಿಗೆ ಲೋಹ ಮೆತ್ತಿಕೊಂಡು, ಥ್ರೆಡ್ಡಿನ ಏಣುಗಳು ಹರಿದ ಬಟ್ಟೆಯ ಅಂಚಿನಂತೆ ಎದ್ದವು. ಒಳ್ಳೆಯ ಟಿ6 ಲೋಹದ ಸುರುಳಿ ಗಟ್ಟಿಯಾಗಿ, ಹೊಳೆಯುತ್ತ, ಸುತ್ತಿಕೊಂಡು ಬೀಳುತ್ತದೆ. ಮೇಲೆ ಎರಡು ಹನಿ ಸೀಮೆಎಣ್ಣೆ ಬಿಟ್ಟರೆ ಮೈ ಕನ್ನಡಿಯಾಗುತ್ತದೆ. 7075 ಇನ್ನೂ ಗಟ್ಟಿ, ಟಿ6 ಹದದಲ್ಲಿ 6061ರ ಎರಡು ಪಟ್ಟಿಗೆ ಹತ್ತಿರ. ತೀರ ತೆಳು ಗೋಡೆಯ ಟಾರ್ಚಿಗೆ ಆದೀತು, ಉಳಿದವಕ್ಕೆ ಆ ಖರ್ಚು ಬೇಡ.

ತಾಮ್ರದ ಟಾರ್ಚ್ ಕೈಗೆ ಬಂದಾಗಿನ ಆ ಭಾರ, ಆ ಬಣ್ಣ ನನಗೂ ಬಹಳ ಇಷ್ಟ. ಆದರೆ ಕೊಳ್ಳುವಾಗ ಒಂದು ಎಚ್ಚರ ಬೇಕು. ವಿದ್ಯುತ್ ಬಸ್‌ಬಾರಿಗೆ ಬಳಸುವ ಶುದ್ಧ ತಾಮ್ರ ಲೇತಿನಲ್ಲಿ ಅಂಟು ಬೆಲ್ಲದ ಹಾಗೆ ನಡೆದುಕೊಳ್ಳುತ್ತದೆ. ಸುರುಳಿ ತುಂಡಾಗದೆ ಉದ್ದಕ್ಕೆ ಬಂದು ರಾಡ್ ಹಿಡಿದಿರುವ ಚಕ್‌ಗೆ ಸುತ್ತಿಕೊಳ್ಳುತ್ತದೆ. ಬೋರಿಂಗ್ ಬಾರ್ (ಒಳಗಿನ ತೂತನ್ನು ಕಡಿಯುವ ಟೂಲ್) ಆಳದಲ್ಲಿದ್ದಾಗ ಹೀಗಾದರೆ ಒಳಮೈ ಪೂರ್ತಿ ಗೀಚಿಹೋಗುತ್ತದೆ. ಅದಕ್ಕೇ ಟೆಲ್ಲೂರಿಯಂ ತಾಮ್ರ, ಅಂದರೆ ಸಿ145 ಕೇಳಿ. ಅರ್ಧ ಪ್ರತಿಶತದಷ್ಟು ಟೆಲ್ಲೂರಿಯಂ ಸೇರಿದರೆ ಸಾಕು, ಸುರುಳಿ ಪುಡಿಪುಡಿಯಾಗಿ ಬೀಳುತ್ತದೆ. ಫ್ರೀ ಕಟಿಂಗ್ ಹಿತ್ತಾಳೆಗೆ ಕಡಿತದಲ್ಲಿ 100 ಅಂಕ ಕೊಟ್ಟರೆ ಶುದ್ಧ ತಾಮ್ರಕ್ಕೆ 20, ಸಿ145ಕ್ಕೆ 85. ಶಾಖವಾಹಕತೆಯಲ್ಲಿ ಕಳೆದುಕೊಳ್ಳುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಎಲ್ಲಿಯೂ ಸಿಗದಿದ್ದರೆ ಶುದ್ಧ ತಾಮ್ರವನ್ನೇ ತನ್ನಿ. ಪಾಲಿಶ್ ಮಾಡಿದ ಹರಿತವಾದ ಇನ್ಸರ್ಟ್ (ಟೂಲಿನ ಕಡಿಯುವ ತುದಿ) ಹಾಕಿ, ಕಟಿಂಗ್ ಆಯಿಲ್ ಧಾರಾಳವಾಗಿ ಬಿಡಿ, ಸುರುಳಿಯನ್ನು ಕೈಯಿಂದ ಎಳೆಯಬೇಡಿ. ಮೆಷಿನ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ.

ಹಿತ್ತಾಳೆ ಟರ್ನರಿಗೆ ಸುಲಭ, ಕಣ್ಣಿಗೂ ಚೆಂದ. ಐಎಸ್ 319 ಎಂದು ಕೇಳಿದರೆ ಫ್ರೀ ಕಟಿಂಗ್ ರಾಡ್ ಕೊಡುತ್ತಾರೆ. ಟೊಳ್ಳು ರಾಡ್ ಸಿಕ್ಕರೆ ಬೋರಿಂಗ್ ಕೆಲಸವೂ ಉಳಿಯುತ್ತದೆ. ಮಾಮೂಲಿ ಡ್ರಿಲ್ ಹಿತ್ತಾಳೆಯಲ್ಲಿ ಕಚ್ಚಿಕೊಂಡು ಒಳಗೆ ಎಳೆದುಕೊಳ್ಳುತ್ತದೆ, ಅದರ ಅಂಚನ್ನು ಸ್ವಲ್ಪ ಚಪ್ಪಟೆ ಮಾಡಿಕೊಳ್ಳಿ. ಈ ಹಿತ್ತಾಳೆ ಸಲೀಸಾಗಿ ಕಡಿಯುವುದು ಅದರಲ್ಲಿರುವ ಮೂರು ಪ್ರತಿಶತದಷ್ಟು ಸೀಸದಿಂದ. ಪುಡಿ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪಿನಲ್ಲಿ ತೊಳೆಯಿರಿ. ಮಕ್ಕಳ ಕೈಗೆ ಹೋಗುವ ಟಾರ್ಚ್ ಆದರೆ ಲ್ಯಾಕರ್ ಹೊಡೆಯಿರಿ, ಅಥವಾ ಅಲ್ಯೂಮಿನಿಯಂಗೆ ಹೋಗಿ.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರ ಹಿತ್ತಾಳೆಯಷ್ಟು, ಶಾಖ ಸಾಗಿಸುವುದು ಅದರ ಏಳನೇ ಒಂದು ಪಾಲು. ಕೀಲಿಗೊಂಚಲಿಗೆ ಹಾಕುವ ಒಂದು ವ್ಯಾಟಿನ ಚಿಕ್ಕ ಟಾರ್ಚಿಗೆ ಸೊಗಸು. ಕಡಿಯಲು 303 ದರ್ಜೆ ಸುಲಭ, ಬೆವರು ಮತ್ತು ಮಳೆಗೆ 304 ಮೇಲು.

ಇನ್ನು ಟೈಟಾನಿಯಂ. ತುಕ್ಕು ಹಿಡಿಯದಿರುವುದರಲ್ಲಿ, ತೂಕಕ್ಕೆ ತಕ್ಕ ಬಲದಲ್ಲಿ ಇದಕ್ಕೆ ಸಾಟಿಯಿಲ್ಲ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಹೊಸದರಂತೆಯೇ ಇರುತ್ತದೆ. ಕಡಿಯುವಾಗ ಮಾತ್ರ ನಿಧಾನ ಬೇಕು: ಕಾರ್ಬೈಡ್ ಟೂಲಿಗೆ ನಿಮಿಷಕ್ಕೆ 40 ಮೀಟರ್ ವೇಗ, ಅಂದರೆ 24 ಮಿ.ಮೀ. ರಾಡಿಗೆ ಸುಮಾರು 530 ಆರ್‌ಪಿಎಂ. ಶಾಖ ಲೋಹದೊಳಗೆ ಇಳಿಯದೆ ಟೂಲಿನ ಮೂತಿಯಲ್ಲೇ ನಿಲ್ಲುವುದರಿಂದ ಕೂಲಂಟ್ ಬಿಡದೆ ಹರಿಯುತ್ತಿರಬೇಕು. ಟೂಲ್ ಒಂದೇ ಕಡೆ ಉಜ್ಜುತ್ತ ನಿಂತರೆ ಮೊಂಡಾಯಿತೆಂದೇ ತಿಳಿಯಿರಿ. ನುಣ್ಣನೆಯ ಪುಡಿಗೆ ಬೆಂಕಿ ಹತ್ತಬಹುದು. ಹತ್ತಿದರೆ ನೀರು ಹಾಕಲೇಬಾರದು, ಒಣ ಮರಳು ಮುಚ್ಚಬೇಕು. ಟೈಟಾನಿಯಂ ಕಡಿಯುವ ದಿನ ಲೇತಿನ ಪಕ್ಕ ಒಂದು ಬಕೆಟ್ ಒಣ ಮರಳು ಇದೆಯೇ ಎಂದು ನೋಡಿಕೊಂಡೇ ಶುರುಮಾಡಿ.

ಟೈಟಾನಿಯಂನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಬೆಳಕು ಕಡಿಮೆಯಾಗುತ್ತದೆ ಎಂದು ಹಲವರು ಹೇಳುತ್ತಾರೆ. ತಾಮ್ರಕ್ಕಿಂತ ನೂರು ಪಟ್ಟು ರೋಧ ಇರುವುದು ನಿಜವೇ. ಆದರೂ ನಮ್ಮ ಟ್ಯೂಬಿನ 100 ಮಿ.ಮೀ. ಉದ್ದಕ್ಕೆ ಅದು ಒಂದು ಮಿಲಿಓಮ್ ಮಾತ್ರ. 5 ಆಂಪಿಯರ್ ಹರಿದರೆ ನಷ್ಟ 5 ಮಿಲಿವೋಲ್ಟ್. ಬಾಲದ ಸ್ಪ್ರಿಂಗಿನಲ್ಲಿ, ಥ್ರೆಡ್ಡಿನ ಕೊಳೆಯಲ್ಲಿ ಕಳೆದುಹೋಗುವುದು ಇದಕ್ಕಿಂತ ಎಷ್ಟೋ ಹೆಚ್ಚು.

ಹಂತ 4: ಎರಡು ಲೋಹ ಸೇರಿಸುವುದನ್ನು ಯೋಚಿಸಿ

ಎಲ್ಲಾ ಭಾಗವೂ ಒಂದೇ ಲೋಹವಾಗಿರಬೇಕಿಲ್ಲ. ಶಾಖ ಹುಟ್ಟುವ ತಲೆಗೆ ತಾಮ್ರ, ಸೆಲ್ಲಿರುವ ಟ್ಯೂಬಿಗೆ ಬೇರೆ ಲೋಹ ಹಾಕಬಹುದು. ತಲೆ ಟೈಟಾನಿಯಂ ಇರಲೇಬೇಕು ಎಂದರೆ ಎಲ್‌ಇಡಿ ಕೂರುವ ಪೀಠವನ್ನಾದರೂ ತಾಮ್ರದಲ್ಲಿ ಮಾಡಿಸಿ. ಪೀಠ 4 ಮಿ.ಮೀ.ಗಿಂತ ತೆಳುವಾಗದಿರಲಿ. ಎಲ್‌ಇಡಿಯನ್ನು ಬೆಸೆದಿರುವ ಲೋಹದ ಬಿಲ್ಲೆಯೂ (ಎಂಸಿಪಿಸಿಬಿ) ತಾಮ್ರದ್ದೇ ಇರಲಿ, ನಡುವೆ ಥರ್ಮಲ್ ಪೇಸ್ಟನ್ನು ದೋಸೆಗೆ ಎಣ್ಣೆ ಸವರಿದಷ್ಟು ತೆಳುವಾಗಿ ಹಚ್ಚಿ.

ಜೋಡಿಸುವಾಗ ಹಿಗ್ಗುವಿಕೆ ಮರೆಯಬೇಡಿ. ಬಿಸಿಗೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಅಂದರೆ ಟಾರ್ಚ್ ಕಾದಂತೆ ತಾಮ್ರದ ಪೀಠ ಅಲ್ಯೂಮಿನಿಯಂ ತಲೆಯಲ್ಲಿ ಸಡಿಲವಾಗುತ್ತದೆ. 22 ಮಿ.ಮೀ. ಪೀಠವನ್ನು ಅದು ಕೂರುವ ಗುಂಡಿಗಿಂತ 0.02ರಿಂದ 0.03 ಮಿ.ಮೀ. ದೊಡ್ಡದಾಗಿ ಮಾಡಿ, ಅಲ್ಯೂಮಿನಿಯಂ ತಲೆಯನ್ನು 130 ಡಿಗ್ರಿಗೆ ಕಾಯಿಸಿ. ಗುಂಡಿ 0.05 ಮಿ.ಮೀ. ಅಗಲವಾಗಿರುತ್ತದೆ, ಪೀಠ ತಾನಾಗಿ ಜಾರಿ ಕೂರುತ್ತದೆ. ಆರಿದ ಮೇಲೆ ಕಚ್ಚಿ ಹಿಡಿಯುತ್ತದೆ. ಟೈಟಾನಿಯಂ ಹಿಗ್ಗುವುದು ತಾಮ್ರದ ಅರ್ಧದಷ್ಟು, ಅಲ್ಲಿ ಕಾದಷ್ಟೂ ಪೀಠ ಬಿಗಿಯಾಗುತ್ತದೆ.

ಅಲ್ಯೂಮಿನಿಯಂ ಮತ್ತು ತಾಮ್ರ ತಾಗುವಲ್ಲಿ ಬೆವರು, ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಸರಿಯಾಗಿರಲಿ, ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್ ಇರಲಿ.

ಹಂತ 5: ರಾಡ್ ಕೊಂಡು ಪರೀಕ್ಷಿಸಿ

24 ಮಿ.ಮೀ. ಟಾರ್ಚಿಗೆ 25 ಮಿ.ಮೀ. ರಾಡ್ ಬೇಕು. 300 ಮಿ.ಮೀ. ತುಂಡು ಅಲ್ಯೂಮಿನಿಯಂನಲ್ಲಿ 400 ಗ್ರಾಂ, ಹಿತ್ತಾಳೆಯಲ್ಲಿ ಒಂದೂಕಾಲು ಕೆ.ಜಿ., ತಾಮ್ರದಲ್ಲಿ 1.3 ಕೆ.ಜಿ. ಮಾರುವುದು ಕೆ.ಜಿ. ಲೆಕ್ಕದಲ್ಲಾದ್ದರಿಂದ ತಾಮ್ರದ ದರ ನೋಡಿ ಹಾಕಿದ ಅಂದಾಜು ತೂಕದಲ್ಲಿ ಮೂರು ಪಟ್ಟು ಏರುತ್ತದೆ. ಅದರ ಮೇಲೆ, ಹೊರಮೈಯನ್ನು 24ಕ್ಕೆ ಇಳಿಸಿ 19 ಮಿ.ಮೀ. ಬೋರ್ ಹೊಡೆದರೆ ರಾಡಿನ ಮೂರರಲ್ಲಿ ಎರಡು ಪಾಲು ಸುರುಳಿಯಾಗಿ ತಟ್ಟೆಗೆ ಬೀಳುತ್ತದೆ. ತಾಮ್ರದ ಸುರುಳಿಯನ್ನು ಬೇರೆ ಲೋಹ ಬೆರೆಸದೆ ಪ್ರತ್ಯೇಕ ಡಬ್ಬಿಯಲ್ಲಿಡಿ. ಗುಜರಿಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಪೀಣ್ಯದಂಥ ಕಡೆ ಲೇತ್ ಕೆಲಸ ಮಾಡಿಸುವುದಾದರೆ ಸುರುಳಿ ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ.

ಕೊಟ್ಟದ್ದು ಕೇಳಿದ ಲೋಹವೇ ಎಂದು ಮನೆಯಲ್ಲೇ ನೋಡಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತುಂಡನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರಿನ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತುಂಡಿಗೆ ದಾರ ಕಟ್ಟಿ, ತಳ ಮತ್ತು ಅಂಚಿಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ತುಂಡಿನ ಗಾತ್ರ ಅಷ್ಟು ಘನ ಸೆಂ.ಮೀ. ಮೊದಲ ತೂಕವನ್ನು ಇದರಿಂದ ಭಾಗಿಸಿ. 170 ಗ್ರಾಂ ತುಂಡು 20 ತೋರಿಸಿದರೆ 8.5, ಅದು ಹಿತ್ತಾಳೆ. ಅಲ್ಯೂಮಿನಿಯಂ 2.7, ಟೈಟಾನಿಯಂ 4.4, ಸ್ಟೇನ್‌ಲೆಸ್ 8ರ ಹತ್ತಿರ, ತಾಮ್ರ 8.9. ಟೈಟಾನಿಯಂ ಎಂದು ಬೇರೇನನ್ನೋ ಕೊಟ್ಟಿದ್ದರೆ ಇದರಲ್ಲಿ ಅಡಗುವುದಿಲ್ಲ. 6061 ಯಾವುದು, 6063 ಯಾವುದು ಎನ್ನುವುದು ಮಾತ್ರ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಅಂಗಡಿಯವರಿಂದ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಹಂತ 6: ಗೋಡೆ ಮತ್ತು ಥ್ರೆಡ್

22 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್‌ನ (ಏಣಿನಿಂದ ಏಣಿಗೆ ಇರುವ ದೂರ) ಥ್ರೆಡ್ ಹಾಕಿದರೆ 19 ಮಿ.ಮೀ. ಬೋರಿನ ಸುತ್ತ ಥ್ರೆಡ್ಡಿನ ತಳದಲ್ಲಿ ಉಳಿಯುವುದು 0.9 ಮಿ.ಮೀ. ಗೋಡೆ. ಒ-ರಿಂಗ್ ಕೂರುವ ಕೊರಕಲಿನ ಕೆಳಗೆ 0.7. ಟೈಟಾನಿಯಂ, 6061 ಇದನ್ನು ತಡೆಯುತ್ತವೆ. ತಾಮ್ರ ಮೆತು, ಬಿದ್ದರೆ ಅಲ್ಲೇ ಬಾಗುತ್ತದೆ; ತಾಮ್ರದ ಟ್ಯೂಬಿಗೆ ಹೊರವ್ಯಾಸ 25 ಮಿ.ಮೀ. ಮಾಡಿ, ಥ್ರೆಡ್ಡನ್ನೂ ಒಂದು ಮಿ.ಮೀ. ಹೊರಗೆ ಸರಿಸಿ. 25 ಮಿ.ಮೀ. ರಾಡ್ ಅದಕ್ಕೆ ಸಾಲದು, ಒಂದಳತೆ ದೊಡ್ಡದು ತನ್ನಿ.

ಟೈಟಾನಿಯಂ ಮೇಲೆ ಟೈಟಾನಿಯಂ ಥ್ರೆಡ್ ಒಣಗಿ ತಿರುಗಿದರೆ ಕಚ್ಚಿಕೊಂಡು ನಿಂತುಬಿಡುತ್ತದೆ, ಬಲ ಹಾಕಿದರೆ ಎರಡೂ ಹಾಳು. ಗ್ರೀಸ್ ಇಲ್ಲದೆ ಒಮ್ಮೆಯೂ ತಿರುಗಿಸಬೇಡಿ. ಒಂದು ಬದಿ ತಾಮ್ರವಾದರೆ ಈ ಕಾಟ ಬಹಳ ಕಡಿಮೆ.

ಹಂತ 7: ಹೊರಮೈ

ಅಲ್ಯೂಮಿನಿಯಂಗೆ ಅನೋಡೈಸಿಂಗ್ ಮಾಡಿಸುವುದು, ಅಂದರೆ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಮೈಮೇಲೆ ಆಕ್ಸೈಡ್ ಪದರ ಬೆಳೆಸುವುದು, ಬರೀ ಬಣ್ಣಕ್ಕಲ್ಲ. ಪಾಲಿಶ್ ಮಾಡಿದ ಲೋಹ ಶಾಖವನ್ನು ವಿಕಿರಣವಾಗಿ ಹೊರಬಿಡುವುದು ತೀರ ಕಡಿಮೆ. ಅನೋಡೈಸ್ ಆದ ಮೈ 30 ಡಿಗ್ರಿ ವ್ಯತ್ಯಾಸದಲ್ಲಿ ಒಂದೂವರೆ ವ್ಯಾಟಿಗಿಂತ ಹೆಚ್ಚನ್ನು ಬರೀ ವಿಕಿರಣದಲ್ಲೇ ಕಳೆಯುತ್ತದೆ. ಹಂತ 1ರ ಮೂರು ವ್ಯಾಟಿನಲ್ಲಿ ಅರ್ಧ ಬರುವುದು ಇಲ್ಲಿಂದ. ಕನ್ನಡಿಯಂತೆ ಹೊಳೆಯುವ ತಾಮ್ರಕ್ಕಿಂತ ಮಂಕಾದ ತಾಮ್ರ ಹೆಚ್ಚು ತಂಪಾಗುವುದೂ ಇದೇ ಕಾರಣಕ್ಕೆ. ಕಂದು ಬಣ್ಣ ಬರಲಿ ಬಿಡಿ. ಹಬ್ಬಕ್ಕೆ ಹೊಳೆಯಬೇಕೆಂದರೆ ಹುಣಸೆಹಣ್ಣು, ಉಪ್ಪು ಹೇಗೂ ಮನೆಯಲ್ಲಿದೆ. ತಿಕ್ಕುವ ಮೊದಲು ಎಲ್‌ಇಡಿ, ಡ್ರೈವರ್, ಸೆಲ್ ಎಲ್ಲ ಹೊರಗೆ ತೆಗೆದಿರಿ.

ಹಾರ್ಡ್ ಅನೋಡೈಸಿಂಗ್ 50 ಮೈಕ್ರಾನ್ ಹಾಕಿಸಿದರೆ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. ಥ್ರೆಡ್ಡಿನ ಪಿಚ್ ವ್ಯಾಸ (ಏಣಿನ ನಡು ಎತ್ತರದಲ್ಲಿ ಅಳೆದ ವ್ಯಾಸ) ಆ ಹೊರಬೆಳವಣಿಗೆಯ ನಾಲ್ಕು ಪಟ್ಟು, ಅಂದರೆ 0.1 ಮಿ.ಮೀ. ಬದಲಾಗುತ್ತದೆ. ಅಷ್ಟು ಸಡಿಲವನ್ನು ಮೊದಲೇ ಬಿಡಿ, ಇಲ್ಲದಿದ್ದರೆ ವಾಪಸ್ ಬಂದ ಟಾರ್ಚಿನ ಮುಚ್ಚಳ ಹತ್ತುವುದಿಲ್ಲ. ಆ ಪದರ ವಿದ್ಯುತ್ ಹರಿಯಲು ಬಿಡುವುದಿಲ್ಲ. ಟ್ಯೂಬಿನ ಎರಡು ತುದಿಯ ಮುಖಗಳನ್ನು ಆಮೇಲೆ ಲೇತಿನಲ್ಲಿ ಕೆರೆದು ಬಿಳಿ ಲೋಹ ಕಾಣುವಂತೆ ಮಾಡಿ. ತಾಮ್ರದ ಪೀಠ ಕೂರಿಸುವುದು ಅನೋಡೈಸಿಂಗ್ ಆದ ಮೇಲೆಯೇ, ಮೊದಲು ಕೂರಿಸಿದರೆ ಆಮ್ಲದ ತೊಟ್ಟಿ ಅದನ್ನು ತಿಂದುಹಾಕುತ್ತದೆ. ಪೀಠದ ಗುಂಡಿಯನ್ನೂ ಮುಚ್ಚಿಸಿ ಕಳಿಸಿ.

ಟೈಟಾನಿಯಂಗೆ ಬಣ್ಣ ಬರುವುದು ವೋಲ್ಟೇಜಿನಿಂದ. ಸೋಡಾ ಕರಗಿಸಿದ ನೀರಿನಲ್ಲಿ 20ರಿಂದ 30 ವೋಲ್ಟ್ ಕೊಟ್ಟರೆ ನೀಲಿ. ನೋಡಲು ಬಲು ಸೊಗಸು, ಆದರೆ ಪದರ ತೀರ ತೆಳುವಾದ್ದರಿಂದ ಜೇಬಿನ ಚಿಲ್ಲರೆಗೆ ಬೇಗ ಗೀರು ಬೀಳುತ್ತದೆ.

ಹಂತ 8: ಉರಿಸಿ ನೋಡಿ

ಮಲ್ಟಿಮೀಟರಿನ ಥರ್ಮೋಕಪಲ್ (ತಾಪ ಅಳೆಯುವ ತಂತಿ) ತುದಿಯನ್ನು ತಲೆಗೆ ಟೇಪಿನಿಂದ ಅಂಟಿಸಿ. ಇನ್ನೊಂದಿದ್ದರೆ ಬಾಲಕ್ಕೆ. ಟಾರ್ಚನ್ನು ಮರದ ಮೇಜಿನ ಮೇಲಿಟ್ಟು, ಫ್ಯಾನ್ ಆರಿಸಿ, ಜೋರು ಬೆಳಕಿನಲ್ಲಿ ಉರಿಸಿ. ಅರ್ಧ ನಿಮಿಷಕ್ಕೊಮ್ಮೆ ಎರಡೂ ಅಂಕಿ ಬರೆದುಕೊಳ್ಳಿ. 50 ಡಿಗ್ರಿ ದಾಟಿದರೆ ಹಿಡಿಯುವುದು ಕಷ್ಟ. ಲಿಥಿಯಂ ಸೆಲ್ಲನ್ನು 60 ಡಿಗ್ರಿ ದಾಟಲು ಬಿಡಬಾರದು, ಅಷ್ಟರೊಳಗೆ ಆರಿಸಿಬಿಡಿ. ತಲೆ ಏರುತ್ತಲೇ ಇದ್ದು ಬಾಲ ಅಲುಗದಿದ್ದರೆ ಟ್ಯೂಬಿನ ಲೋಹ ಅಥವಾ ತಲೆ–ಟ್ಯೂಬ್ ಕೂಡುವ ಜಾಗ ಶಾಖವನ್ನು ತಡೆಯುತ್ತಿದೆ. ತಲೆಯೇ ತಣ್ಣಗಿದ್ದು ಬೆಳಕು ಮಾತ್ರ ನೀಲಿಗೆ ತಿರುಗಿ ಕುಗ್ಗುತ್ತಿದ್ದರೆ ತೊಂದರೆ ಪೀಠದಲ್ಲಿದೆ. ಬಿಲ್ಲೆ ಬಿಚ್ಚಿ ಪೇಸ್ಟ್ ನೋಡಿ. ಎರಡೂ ತುದಿ ಜೊತೆಜೊತೆಯಾಗಿ ಏರಿದರೆ ಲೋಹದ ಕೆಲಸ ಸರಿಯಾಗಿದೆ, ಇನ್ನು ಡ್ರೈವರಿನ ತಾಪಮಿತಿಯನ್ನು ಹೊಂದಿಸುವುದಷ್ಟೇ.

ಚಿಕ್ಕಪ್ಪನ ಟಾರ್ಚಿಗೆ ಹಳೆಯ ಟೈಟಾನಿಯಂ ಟ್ಯೂಬನ್ನೇ ಉಳಿಸಿಕೊಂಡು ತಲೆಯನ್ನು ಸಿ145 ತಾಮ್ರದಲ್ಲಿ ಮಾಡಿಸಿದೆ. ತಲೆಯೊಂದೇ 90 ಗ್ರಾಂ. ಮಿತಿಯನ್ನು 50 ಡಿಗ್ರಿಗೆ ಇಟ್ಟಿದ್ದೇನೆ. ಜೋರು ಬೆಳಕು ಈಗ ಎರಡು ನಿಮಿಷ ನಿಲ್ಲುತ್ತದೆ, ಮೋಟರ್ ಶೆಡ್ಡಿನ ಸುತ್ತ ಹಾವು ಇದೆಯೋ ನೋಡಲು ಅಷ್ಟು ಸಾಕು. ಆಮೇಲೆ ಇಳಿದು ನಿಲ್ಲುವ ಬೆಳಕಿನಲ್ಲಿ ಅವರು ತೋಟದ ದಾರಿ ನಡೆಯುತ್ತಾರೆ. ಟೈಟಾನಿಯಂ ಶಾಖ ಬಿಟ್ಟುಕೊಡದಿರುವುದು ಇಲ್ಲಿ ಉಪಕಾರವೇ ಆಯಿತು: ತಲೆ ಕಾದಾಗಲೂ ಸೆಲ್ ಮತ್ತು ಹಿಡಿದ ಕೈ ತಂಪಾಗಿರುತ್ತವೆ.